ಉಳುಕಿದ ಹರಡಿಗೆ ಬಾದಾಮಿಯ ದಾರಿ: ಕ್ರೇಪ್ ಬ್ಯಾಂಡೇಜೋ, ಟೇಪೋ, ಲೇಸಿನ ಬ್ರೇಸೋ?

ಬಾದಾಮಿಯಲ್ಲಿ ಹರಡಿನ, ಅಂದರೆ ಪಾದ ಕಾಲಿಗೆ ಕೂಡುವ ಕೀಲಿನ, ಬಲ ನೋಡಲು ಮೂರು ನೆಲಗಳು ಹತ್ತಿರ ಹತ್ತಿರವೇ ಇವೆ. ಅಗಸ್ತ್ಯ ತೀರ್ಥ ಕೆರೆಯ ದಂಡೆ ಸಪಾಟು. ಉತ್ತರ ಕೋಟೆಯದು ಬಂಡೆಯ ಸೀಳಿನ ನಡುವೆ ಏರುವ ಎತ್ತರದ ಮೆಟ್ಟಿಲು. ಸಿಡ್ಲಫಡಿ ಎಂಬ ಕಲ್ಲುಗುಹೆಯ ಕಾಲುದಾರಿಯಲ್ಲಿ ಕುರುಚಲು ಗಿಡ, ಉರುಳುಗಲ್ಲು, ಮೇಲೆ ತೆಳ್ಳಗೆ ಮರಳು ಹರಡಿದ ಬಂಡೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕು ಆಸರೆಗಳನ್ನು ಈ ಮೂರೂ ಕಡೆ ಕಟ್ಟಿಕೊಂಡು ನಡೆದು ನೋಡಿ ಬರೆದದ್ದು ಇದು.

ಆಸರೆ ಕೊಳ್ಳುವ ಮೊದಲು ಮುರಿದಿದೆಯೋ ಉಳುಕಿದೆಯೋ ಗೊತ್ತಾಗಬೇಕು. ನೋವಿನ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಹರಡಿನ ಗಂಟಿನ ತುದಿ ಇಲ್ಲವೇ ಹಿಂಬದಿಯ ಎಲುಬನ್ನು ಒತ್ತಿದಾಗ ಜೀವ ಹೋದಂತಾದರೆ, ಕಿರುಬೆರಳಿನ ಸಾಲಿನಲ್ಲಿ ಪಾದದ ನಡುವಿನ ಉಬ್ಬು ಒತ್ತಿದರೆ ನೋವಿದ್ದರೆ, ಮೊದಲು ಎಕ್ಸ್‌ರೇ. ಊರಲ್ಲಿ ಉಳುಕು ತಿಕ್ಕುವವರ ಹತ್ತಿರ ಹೋಗುವ ರೂಢಿ ಇದೆ. ಮೊದಲ ಮೂರು ದಿನ ಬಿಸಿ ಎಣ್ಣೆ ಹಚ್ಚಿ ಜಗ್ಗಿ ತಿಕ್ಕಿದರೆ ಬಾವು ಇಳಿಯುವ ಬದಲು ಏರುತ್ತದೆ.

ಕ್ರೇಪ್ ಬ್ಯಾಂಡೇಜಿಗೆ ಇರುವ ಕೆಲಸ ಒಂದೇ, ಬಾವು ತಡೆಯುವುದು. 10 ಸೆಂ.ಮೀ. ಅಗಲದ್ದು ಸಾಕು. ಪಾದವನ್ನು ಕಾಲಿಗೆ ನೇರ ಕೋನದಲ್ಲಿಟ್ಟು ಬೆರಳುಗಳ ಬುಡದಿಂದ ಶುರು ಮಾಡಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ, ಹಿಮ್ಮಡವನ್ನೂ ಸೇರಿಸಿ ಎಂಟರ ಆಕಾರದಲ್ಲಿ ಮೇಲಕ್ಕೆ ಸುತ್ತಬೇಕು. ಬಹಳಷ್ಟು ಜನ ಹಿಮ್ಮಡ ಬಿಟ್ಟು ಸುತ್ತುತ್ತಾರೆ, ಬಾವೆಲ್ಲ ಅಲ್ಲಿ ಬಂದು ನಿಲ್ಲುತ್ತದೆ. ಕಟ್ಟಿದ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಬೆರಳು ಜೋಮು ಹಿಡಿದರೆ ಬಿಚ್ಚಿ ಸಡಿಲಾಗಿ ಕಟ್ಟಿ. ಮಲಗುವಾಗ ತೆಗೆದಿಡಿ. ನಡಿಗೆಗೆ ಇದನ್ನು ನಂಬಬೇಡಿ: ಕೆರೆ ದಂಡೆಯ ಸಪಾಟು ನೆಲದಲ್ಲೇ ಸ್ವಲ್ಪ ಹೊತ್ತಿಗೆ ಸುತ್ತುಗಳು ಜಾರಿ ಬೂಟಿನೊಳಗೆ ಗಂಟು ಕಟ್ಟುತ್ತವೆ.

ಕಾಲುಚೀಲದಂತೆ ಎಳೆದುಕೊಳ್ಳುವ ಆಂಕಲ್ ಬೈಂಡರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೀಲು ಬೆಚ್ಚಗಿರುತ್ತದೆ, ಮನಸ್ಸಿಗೆ ಧೈರ್ಯ. ಪಾದ ಹೊರಳುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ನಿಜವಾದ ಪೈಪೋಟಿ ಟೇಪು ಮತ್ತು ಲೇಸಿನ ಬ್ರೇಸಿನ ನಡುವೆ.

ಟೇಪು ಎಂದರೆ ಹಿಗ್ಗದ, ಬಿಳಿಯ, 3.8 ಸೆಂ.ಮೀ. ಅಗಲದ ಜಿಂಕ್ ಆಕ್ಸೈಡ್ ಟೇಪು. ಬಣ್ಣಬಣ್ಣದ ಹಿಗ್ಗುವ ಟೇಪು ಈ ಕೆಲಸಕ್ಕೆ ಅಲ್ಲ. ಹಿಂದಿನ ದಿನವೇ ಕೂದಲು ತೆಗೆದಿರಬೇಕು, ಚರ್ಮ ಒಣಗಿರಬೇಕು. ಗಂಟಿನಿಂದ ಸುಮಾರು 10 ಸೆಂ.ಮೀ. ಮೇಲೆ, ಜಗ್ಗದೆ, ಎರಡು ಸುತ್ತು ಆಧಾರಪಟ್ಟಿ. ಅಲ್ಲಿಂದ ಕಾಲಿನ ಒಳಬದಿ ಇಳಿದು ಹಿಮ್ಮಡದ ಅಡಿ ಹಾದು ಹೊರಬದಿಗೆ ಎಳೆದು ಅಂಟಿಸುವ ಮೂರು ಪಟ್ಟಿ, ಒಂದರ ಮೇಲೊಂದು ಅರ್ಧ ಸರಿದಂತೆ. ಈ ದಿಕ್ಕು ತಪ್ಪಬಾರದು. ಉಳುಕುವಾಗ ಪಾದ ಬಹುಪಾಲು ಒಳಕ್ಕೇ ಮಗುಚುವುದರಿಂದ ಟೇಪು ಅದನ್ನು ಹೊರಕ್ಕೆ ಎತ್ತಿ ಹಿಡಿಯಬೇಕು. ತಿರುಗಾಮುರುಗಾ ಎಳೆದರೆ ಹೊರಳುವುದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಕೊನೆಗೆ ಹಿಮ್ಮಡಕ್ಕೆ ಎರಡೂ ಕಡೆಯಿಂದ ಬೀಗ ಹಾಕಿದಂತೆ ಒಂದೊಂದು ಸುತ್ತು.

ಸರಿಯಾಗಿ ಕಟ್ಟಿದ ಟೇಪಿನ ಹಿಡಿತಕ್ಕೆ ಮೊದಲ ಹತ್ತು ನಿಮಿಷ ಯಾವುದೂ ಸಾಟಿಯಲ್ಲ. ಆದರೆ ಅರ್ಧ ಗಂಟೆ ನಡೆಯುವಷ್ಟರಲ್ಲಿ ಬಹಳ ಸಡಿಲಾಗುತ್ತದೆ, ಬೆವರಿದ್ದರೆ ಇನ್ನೂ ಬೇಗ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಸಿಡ್ಲಫಡಿ ಮುಟ್ಟುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ, ಉಳಿಯುವುದು ತುರಿಕೆ. ಬೆಳಗಾವಿಯ ಮಳೆಗಾಲದಲ್ಲಿ ಯಳ್ಳೂರಿನ ರಾಜಹಂಸಗಡ ಹತ್ತುವಾಗ ಒದ್ದೆಯ ಅಂಚಿನಿಂದ ಸುಲಿದು ಬರುತ್ತದೆ. ಖರ್ಚೂ ಕಡಿಮೆಯಲ್ಲ, 13.7 ಮೀಟರಿನ ಒಂದು ಸುರುಳಿ ಮೂರು ನಾಲ್ಕು ಸಲಕ್ಕೆ ಖಾಲಿ.

ಹಾಗಿದ್ದರೂ ಬಂಡೆ ಹತ್ತುವವರಿಗೆ ಟೇಪೇ ಗತಿ. ಬಾದಾಮಿಯ ಮರಳುಗಲ್ಲಿನ ಮೇಲೆ ಹಾಕುವ ಕ್ಲೈಂಬಿಂಗ್ ಶೂ ಬೆರಳು ಮಡಚುವಷ್ಟು ಬಿಗಿ. ಅದರೊಳಗೆ ಬ್ರೇಸು ಹೋಗುವುದೇ ಇಲ್ಲ. ಹಗ್ಗದಲ್ಲಿ ಹತ್ತುವುದೂ ಸಣ್ಣ ಹೊತ್ತಿನ ಕೆಲಸ, ಟೇಪು ತಾಳುತ್ತದೆ. ಬೌಲ್ಡರಿಂಗ್, ಅಂದರೆ ಹಗ್ಗವಿಲ್ಲದೆ ಗಿಡ್ಡ ಬಂಡೆ ಹತ್ತುವುದು, ಮಾತ್ರ ಬೇಡ, ಅಲ್ಲಿ ಇಳಿಯುವುದೆಂದರೆ ಬಹುಪಾಲು ಜಿಗಿಯುವುದು.

ನಡಿಗೆಗೆ ನಮ್ಮ ಮತ ಲೇಸಿನ ಬ್ರೇಸಿಗೆ. ನೈಲಾನ್ ಕವಚ, ಮುಂದೆ ಲೇಸು, ಮೇಲೆ ಎಂಟರ ಆಕಾರದಲ್ಲಿ ಸುತ್ತುವ ಎರಡು ವೆಲ್ಕ್ರೋ ಪಟ್ಟಿ. ಕೆಲವು ಕಂಪನಿಗಳು ಬೂಟಿನ ನಂಬರಿಗೆ, ಕೆಲವು ಹರಡಿನ ಸುತ್ತಳತೆಗೆ ಸೈಜು ಕೊಡುತ್ತವೆ. ಡಬ್ಬಿ ಓದಿ, ಬಾವು ಇಳಿದ ಮೇಲೆ ಅಳೆದು ತನ್ನಿ. ತೆಳುವಾದ ಕಾಲುಚೀಲದ ಮೇಲೆ ಹಾಕಿ, ಹಿಮ್ಮಡ ಹಿಂದಕ್ಕೆ ಕೂತ ಮೇಲೆ ಕೆಳಗಿನಿಂದ ಲೇಸು ಬಿಗಿಯಿರಿ. ಒಳಗಿನಿಂದ ಪಾದದ ಅಡಿ ಹಾದು ಹೊರಗೆ ಬರುವ ಪಟ್ಟಿ ಇನ್ನೊಂದಕ್ಕಿಂತ ಬಿಗಿಯಿರಲಿ. ಬೂಟು ಸಾಲದಿದ್ದರೆ ಒಳಹಾಸು ತೆಗೆದು ನೋಡಿ. ಹರಡು ಮುಚ್ಚುವ ಎತ್ತರದ ಬೂಟಿನಲ್ಲಿ ಗಂಟು ಉಜ್ಜಿ ಗಾಯವಾಗುತ್ತದೆ, ಗಿಡ್ಡ ಬೂಟೇ ವಾಸಿ.

ಇದೂ ಸಡಿಲಾಗುತ್ತದೆ, ಆದರೆ ಇಪ್ಪತ್ತು ನಿಮಿಷಕ್ಕೊಮ್ಮೆ ನಿಂತು ಬಿಗಿದುಕೊಂಡರಾಯಿತು. ಟೇಪಿನಲ್ಲಿ ಆ ಅನುಕೂಲ ಇಲ್ಲ. ನೆನೆದರೆ ತೊಳೆದು ನೆರಳಿಗೆ ಹಾಕಿ. ಶತ್ರು ಎಂದರೆ ಹುಲ್ಲಿನ ಮುಳ್ಳು: ವೆಲ್ಕ್ರೋದಲ್ಲಿ ತುಂಬಿಕೊಂಡು ಹಿಡಿತ ತಪ್ಪಿಸುತ್ತದೆ. ಹಳೆಯ ಟೂತ್‌ಬ್ರಷ್ಷಿನಿಂದ ತೆಗೆಯಿರಿ. ವಿಜಯಪುರದ ಕಡೆ ಬೇಸಿಗೆಯ ಎರೆ ಹೊಲದಲ್ಲಿ ಬಿರುಕಿಗೆ ಹಿಮ್ಮಡ ಸಿಕ್ಕರೆ ಬ್ರೇಸಿದ್ದರೂ ಕೀಲು ತಿರುಚುತ್ತದೆ. ಅಲ್ಲಿ ಬದುವಿನ ಮೇಲೆಯೇ ನಡೆಯಿರಿ.

ಯಾವ ಆಸರೆ ಕಟ್ಟಿದರೂ ಮನೆಯ ಕಸರತ್ತು ತಪ್ಪುವುದಿಲ್ಲ. ಮೊದಲ ವಾರ ಕೂತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯುವುದು. ಆಮೇಲೆ ಒಂಟಿ ಕಾಲಲ್ಲಿ 30 ಸೆಕೆಂಡ್, ಮೂರು ಸಲ. ಅದು ಸಲೀಸಾದರೆ ಮಡಚಿದ ಟವೆಲ್ಲಿನ ಮೇಲೆ, ಆಮೇಲೆ ಕಣ್ಣು ಮುಚ್ಚಿ. ತುದಿಗಾಲಲ್ಲಿ ಏಳುವುದು 15ರಂತೆ ಮೂರು ಸಲ. ಗೋಡೆಗೆ ಮುಖ ಮಾಡಿ, ಹಿಮ್ಮಡ ಎತ್ತದೆ ಮೊಣಕಾಲು ಗೋಡೆಗೆ ತಾಗಿಸಿ ಹೆಬ್ಬೆರಳಿಗೂ ಗೋಡೆಗೂ ಹೆಚ್ಚೆಂದರೆ ಎಷ್ಟು ದೂರ ಬಿಡಲಾಗುತ್ತದೆ ಎಂದು ಅಳೆಯಿರಿ. ಎರಡು ಕಾಲಿನ ನಡುವೆ 2 ಸೆಂ.ಮೀ. ಒಳಗಿನ ವ್ಯತ್ಯಾಸ ಬಂದು, ನೋವಿಲ್ಲದೆ ಒಂಟಿ ಕಾಲಲ್ಲಿ ಹತ್ತು ಸಲ ಕುಪ್ಪಳಿಸಲು ಆದಾಗ ಉತ್ತರ ಕೋಟೆಯ ಮೆಟ್ಟಿಲು ಹತ್ತಬಹುದು. ಸಿಡ್ಲಫಡಿ ಅದಕ್ಕೂ ಎರಡು ಮೂರು ವಾರ ತಡವಾಗಲಿ, ಅದೂ ಬ್ರೇಸಿನೊಂದಿಗೆ. ವಾಪಸು ಇಳಿಯುವ ಮುನ್ನ ಒಮ್ಮೆ ಕೂತು ಲೇಸು ಬಿಗಿದುಕೊಳ್ಳಿ. ದಣಿದ ಕಾಲು ಹೊರಳುವುದು ಇಳಿಜಾರಿನಲ್ಲಿ.