ಅಂಬಾಸಿಡರ್‌ಗೆ ಇಸುಜು ಎಂಜಿನ್, ಹೊಸ ರೇಡಿಯೇಟರ್, ಎ.ಸಿ.: ತುಮಕೂರಿನ ಒಂದು ಶೆಡ್ಡಿನಲ್ಲಿ ಏಳು ವಾರ

ನಮ್ಮ ಮನೆಯ 1986ರ ಮಾರ್ಕ್ 4 ಅಂಬಾಸಿಡರ್‌ನ 1489 ಸಿ.ಸಿ. ಬಿ.ಎಂ.ಸಿ. ಎಂಜಿನ್ ಎರಡನೆಯ ಸಲ ಬೋರ್ ಮಾಡಿಸಿದ (ಸವೆದ ಸಿಲಿಂಡರುಗಳನ್ನು ಕೊರೆಸಿದ) ಮೇಲೂ ಹೊಗೆ ಬಿಡುವುದನ್ನು ನಿಲ್ಲಿಸಲಿಲ್ಲ. ಹಿಂದೂಸ್ತಾನ್ ಮೋಟಾರ್ಸ್‌ನವರೇ ಮುಂದೆ ಅಂಬಾಸಿಡರ್ ಮತ್ತು ಕಾಂಟೆಸ್ಸಾ ಎರಡರಲ್ಲೂ ಕೂರಿಸುತ್ತಿದ್ದ 1817 ಸಿ.ಸಿ. ಇಸುಜು ಪೆಟ್ರೋಲ್ ಎಂಜಿನ್ನನ್ನು ಅದರ ಐದು ಗೇರಿನ ಬಾಕ್ಸ್ ಸಮೇತ ಹಾಕಿಸುವುದೆಂದು ಆಗ ತೀರ್ಮಾನಿಸಿದೆವು. ಎಂಜಿನ್ ಹೇಗಿದ್ದರೂ ಹೊರಗೆ ಬರುವುದರಿಂದ ಅದೇ ಸಮಯಕ್ಕೆ ಎ.ಸಿ.ಯನ್ನೂ ಹಾಕಿಸಿಬಿಡಬೇಕೆಂಬುದು ಮನೆಯವರ ಬೇಡಿಕೆಯಾಗಿತ್ತು. ಕೆಲಸ ನಡೆದದ್ದು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಕಡೆಗಿರುವ, ತಗಡಿನ ಮಾಡಿನ ಒಂದು ಶೆಡ್ಡಿನಲ್ಲಿ. ಹೆಸರು ಬರೆಯಬೇಡಿ, ಈಗಿರುವ ಗಾಡಿಗಳನ್ನೇ ಮುಗಿಸಲು ಆಗುತ್ತಿಲ್ಲ ಎಂದು ಮೇಸ್ತ್ರಿಯೇ ಕೇಳಿಕೊಂಡಿದ್ದಾರೆ. ಕೆಳಗೆ ನಾನು ಹೇಳುವ ಕೆಲವು ದೂರುಗಳ ದೃಷ್ಟಿಯಿಂದಲೂ ಹೆಸರಿಲ್ಲದಿರುವುದೇ ಸರಿ.

ಮೊದಲ ದಿನವೇ ಮೇಸ್ತ್ರಿಯ ಬಗ್ಗೆ ನನಗೆ ನಂಬಿಕೆ ಹುಟ್ಟಲು ಕಾರಣ ಅವರು ಕೇಳಿದ ಪ್ರಶ್ನೆ. ಇದಕ್ಕೆ ಮುಂಚೆ ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ವಿಚಾರಿಸಿದ್ದಾಗ, ಎಂಜಿನ್ ಕೂತು ಗಾಡಿ ಓಡಲಿ, ರೇಡಿಯೇಟರ್ ಮತ್ತು ಎ.ಸಿ. ಆಮೇಲೆ ನೋಡೋಣ ಎಂದಿದ್ದರು. ಇವರು ಮಾತ್ರ ಎಂಜಿನ್ನಿನ ಬೆಲೆಗಿಂತ ಮೊದಲು, "ಎ.ಸಿ. ಹಾಕ್ಸೋದು ಖಾತ್ರಿನಾ ಸಾರ್? ಆಮೇಲೆ ಬೇಕು ಅಂದ್ರೆ ಆಗಲ್ಲ. ಮುಂದ್ಗಡೆ ಎಷ್ಟು ಜಾಗ ಬಿಡ್ಬೇಕು ಅಂತ ಈಗಲೇ ಗೊತ್ತಾಗ್ಬೇಕು" ಎಂದರು. ಎ.ಸಿ. ಹಾಕುವುದೆಂದರೆ ರೇಡಿಯೇಟರಿನ ಮುಂದೆ ಕಂಡೆನ್ಸರ್ ಬರುತ್ತದೆ. ಒಳಗಿನ ಸೆಕೆಯ ಜೊತೆಗೆ, ಎ.ಸಿ.ಯ ಅನಿಲವನ್ನು ಒತ್ತುವ ಕಂಪ್ರೆಸರ್ ಮಾಡುವ ಕೆಲಸದ ಶಾಖವೂ ಅಲ್ಲಿಂದಲೇ ಹೊರಬೀಳಬೇಕು. ಹಾಗೆ ಬಿಸಿಯಾದ ಗಾಳಿಯೇ ಹಿಂದಿನ ರೇಡಿಯೇಟರನ್ನು ತಂಪು ಮಾಡಬೇಕು. ಎಂಜಿನ್ ದೊಡ್ಡದಾಯಿತು, ಅದಕ್ಕೆ ಸಿಗುವ ಗಾಳಿ ಬಿಸಿಯಾಯಿತು. ಇವೆರಡನ್ನೂ ಒಟ್ಟಿಗೆ ಲೆಕ್ಕ ಹಾಕದೆ ಒಂದರ ಮೇಲೊಂದು ಜೋಡಿಸಿದ ಗಾಡಿಗಳು ಬೇಸಿಗೆಯಲ್ಲಿ ಬಾನೆಟ್ ಎತ್ತಿಕೊಂಡು ರಸ್ತೆಬದಿಯಲ್ಲಿ ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ.

ಮೂಲ ರೇಡಿಯೇಟರನ್ನು ಎಸೆಯಲಿಲ್ಲ. ಅದರ ಮೇಲಿನ ಮತ್ತು ಕೆಳಗಿನ ಹಿತ್ತಾಳೆ ಟ್ಯಾಂಕುಗಳನ್ನು ಬಿಚ್ಚಿ, ನಡುವೆ ಮೂರು ಸಾಲಿನ ಹೊಸ ತಾಮ್ರದ ಕೋರ್ (ನೀರು ಹರಿಯುವ ಕೊಳವೆಗಳ ಭಾಗ) ಇಟ್ಟು ಬೆಸುಗೆ ಹಾಕಿಸಿದರು. ಹಳೆಯ ಕೋರನ್ನು ಕತ್ತರಿಸಿ ತೋರಿಸಿದಾಗ ಅದರ ಕೊಳವೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬಿಳಿಯ ಉಪ್ಪು ಕಟ್ಟಿತ್ತು. ಹೊರಗಿನ ರೆಕ್ಕೆಗಳನ್ನು ಬೆರಳಿನಿಂದ ಒತ್ತಿದರೆ ಹುಡಿಯಾಗುತ್ತಿದ್ದವು. ಮೂವತ್ತು ವರ್ಷ ಮನೆಯ ಬೋರ್‌ವೆಲ್ ನೀರನ್ನೇ ತುಂಬಿದ ಫಲ ಅದು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ಗಡಸುತನ ಅಡುಗೆಮನೆಯ ಪಾತ್ರೆಯ ತಳ ನೋಡಿದರೆ ತಿಳಿಯುತ್ತದೆ; ಅದೇ ನೀರು ಎಂಜಿನ್ನಿನೊಳಗೆ ಏನು ಮಾಡುತ್ತದೆಂದು ನಾವು ಯೋಚಿಸಿರಲೇ ಇಲ್ಲ. ಈಗ ಬಟ್ಟಿ ಇಳಿಸಿದ ನೀರು ಮತ್ತು ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ ಹಾಕಿದ್ದಾರೆ. ಬೆಸುಗೆಯಾದ ರೇಡಿಯೇಟರಿನ ಬಾಯಿಗಳನ್ನು ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, 15 ಪೌಂಡ್ (ಚದರ ಇಂಚಿಗೆ) ಒತ್ತಡದ ಗಾಳಿ ತುಂಬಿ ಹತ್ತು ನಿಮಿಷ ಗುಳ್ಳೆ ಕಾದರು. ಹಾಗೆ ಪರೀಕ್ಷಿಸಿದ ಮೇಲಷ್ಟೇ ಹಳೆಯ 7 ಪೌಂಡಿನ ಮುಚ್ಚಳದ ಬದಲಿಗೆ 13 ಪೌಂಡಿನ ಮುಚ್ಚಳ ಹಾಕಿದರು. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 13 ಪೌಂಡಿನ ಒತ್ತಡವು ಆ ಕುದಿಬಿಂದುವನ್ನು ಸುಮಾರು 20 ಡಿಗ್ರಿ ಮೇಲಕ್ಕೆ ತಳ್ಳುತ್ತದೆ. ಹಳೆಯ ಬೆಸುಗೆಯ ಮೇಲೆ ನೇರವಾಗಿ ಹೆಚ್ಚಿನ ಒತ್ತಡದ ಮುಚ್ಚಳ ಹಾಕಿದ್ದರೆ ಟ್ಯಾಂಕಿನ ಅಂಚೇ ಬಿಟ್ಟುಕೊಳ್ಳುತ್ತಿತ್ತು.

ಈ ಶೆಡ್ಡಿನ ಅತ್ಯುತ್ತಮ ಕೆಲಸ ಜಾಗದ ಲೆಕ್ಕಾಚಾರದಲ್ಲಿತ್ತು. ಎಂಜಿನ್ನನ್ನು ಸರಪಣಿಯಲ್ಲಿ ತೂಗುಹಾಕಿಕೊಂಡೇ, ಬೋಲ್ಟ್ ಬಿಗಿಯುವ ಮೊದಲು, ರೇಡಿಯೇಟರ್, ಕಂಡೆನ್ಸರ್ ಮತ್ತು ಫ್ಯಾನುಗಳ ಅಳತೆಗೆ ಕತ್ತರಿಸಿದ ರಟ್ಟುಗಳನ್ನು ಗ್ರಿಲ್ಲಿನ ಹಿಂದೆ ಸಾಲಾಗಿ ನಿಲ್ಲಿಸಿದರು. ಏರ್ ಕ್ಲೀನರ್ ಬಾನೆಟ್ಟಿಗೆ ತಾಗುವುದೇ ಎಂದು ನೋಡಲು ಪಕ್ಕದ ಹೋಟೆಲಿನಿಂದ ಮೈದಾ ಹಿಟ್ಟಿನ ನಾಲ್ಕು ಉಂಡೆ ತರಿಸಿ, ಅದರ ಮೇಲಿಟ್ಟು, ಬಾನೆಟ್ ಮೆಲ್ಲನೆ ಮುಚ್ಚಿ ತೆಗೆದರು. ಒಂದು ಉಂಡೆ ಕಾಲಿಂಚಿನಷ್ಟು ತೆಳ್ಳಗಾಗಿತ್ತು. ಎಂಜಿನ್ ಅಲುಗಾಡುವಾಗ ಅಷ್ಟು ಅಂತರ ಸಾಲದೆಂದು ಮೌಂಟನ್ನು ಅರ್ಧ ಇಂಚು ಇಳಿಸಿದರು. ವಾಟರ್ ಪಂಪಿನ ಪುಲ್ಲಿಗೂ ರೇಡಿಯೇಟರಿಗೂ ನಡುವೆ ಉಳಿದದ್ದು ಎರಡೇ ಇಂಚಾದ್ದರಿಂದ ಎಂಜಿನ್ನಿನ ಜೊತೆ ತಿರುಗುವ ಫ್ಯಾನನ್ನು ಬಿಟ್ಟು, ಹಿಂದಿನಿಂದ ಗಾಳಿ ಎಳೆಯುವ 14 ಇಂಚಿನ ತೆಳುವಾದ ಎಲೆಕ್ಟ್ರಿಕ್ ಫ್ಯಾನನ್ನೂ ಕಂಡೆನ್ಸರ್ ಮುಂದೆ ಗಾಳಿ ತಳ್ಳುವ 10 ಇಂಚಿನ ಇನ್ನೊಂದನ್ನೂ ಹಾಕಬೇಕಾಯಿತು. ಫ್ಯಾನನ್ನು ಪ್ಲಾಸ್ಟಿಕ್ ಟೈಗಳಿಂದ ಕೋರಿನ ಮೂಲಕವೇ ಕಟ್ಟುವುದು ಎಲ್ಲೆಡೆ ಇರುವ ಅಡ್ಡದಾರಿ. ಅಲುಗಾಟಕ್ಕೆ ಟೈ ಕೊಳವೆಯನ್ನು ಉಜ್ಜಿ ತೂತು ಮಾಡುತ್ತದೆ. ಮೇಸ್ತ್ರಿ ಅದಕ್ಕೆ ಒಪ್ಪದೆ, ರೇಡಿಯೇಟರಿನ ಚೌಕಟ್ಟಿಗೆ ಬ್ರ್ಯಾಕೆಟ್ ಬೆಸೆದು, ಇಡೀ ಕೋರನ್ನು ಆವರಿಸುವ ತಗಡಿನ ಕವಚ ಮಾಡಿ ಅದರಲ್ಲಿ ಫ್ಯಾನ್ ಕೂರಿಸಿದರು.

ಆಮೇಲೆ ಊದುಬತ್ತಿ. ಎರಡೂ ಫ್ಯಾನ್ ಹಾಕಿಟ್ಟು, ಹೊತ್ತಿಸಿದ ಊದುಬತ್ತಿಯನ್ನು ಗ್ರಿಲ್ಲಿನ ಸುತ್ತ, ಕಂಡೆನ್ಸರಿನ ಅಂಚುಗಳ ಉದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋದರು. ನಡುವೆ ಹೊಗೆ ನೆಟ್ಟಗೆ ಒಳಗೆ ಹೋಯಿತು. ಎಡಗಡೆಯ ಮೇಲಿನ ಮೂಲೆಯಲ್ಲಿ ಮಾತ್ರ ಹೊಗೆ ಹಿಂದಿನಿಂದ ಮುಂದಕ್ಕೆ ಸುತ್ತಿಕೊಂಡು ಬಂತು. ಅಂದರೆ ನಿಂತ ಗಾಡಿಯಲ್ಲಿ ಎಂಜಿನ್ ಕೋಣೆಯ ಬಿಸಿಗಾಳಿಯೇ ಆ ಸಂದಿಯಿಂದ ಮತ್ತೆ ಕಂಡೆನ್ಸರಿಗೆ ಬರುತ್ತಿತ್ತು. ಆ ಸಂದಿಗೂ, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಬದಿಗಳಿಗೂ ರಬ್ಬರ್ ಸ್ಪಾಂಜಿನ ಪಟ್ಟಿ ಅಂಟಿಸಿ, ಮತ್ತೊಂದು ಊದುಬತ್ತಿ ಹಚ್ಚಿ ನೋಡಿದ ಮೇಲೆಯೇ ಕೆಲಸ ಬಿಟ್ಟರು. ಶೋರೂಂಗಳ ಸರ್ವಿಸ್ ಸೆಂಟರುಗಳಲ್ಲಿ ಇಷ್ಟು ತಾಳ್ಮೆಯನ್ನು ನಾನು ಕಂಡಿಲ್ಲ.

ಎ.ಸಿ.ಯ ಸಾಮಗ್ರಿಯ ಆಯ್ಕೆಯಲ್ಲೂ ಅವರ ತಿಳಿವಳಿಕೆ ಚೆನ್ನಾಗಿದೆ. ನಾನು ಹಳೆಯ ಕಾಂಟೆಸ್ಸಾ ಒಂದರಿಂದ ಬಿಚ್ಚಿದ ಪೂರ್ತಿ ಎ.ಸಿ. ಸೆಟ್ಟನ್ನು ಕಡಿಮೆ ಬೆಲೆಗೆ ತಂದು ಕೊಟ್ಟಿದ್ದೆ. ಅದು ಆರ್-12 ಎಂಬ ತಂಪು ಮಾಡುವ ಅನಿಲದ ಕಾಲದ್ದು. ಓಝೋನ್ ಪದರಕ್ಕೆ ಹಾನಿ ಮಾಡುವ ಆ ಅನಿಲದ ಬಳಕೆ ಮಾಂಟ್ರಿಯಲ್ ಒಪ್ಪಂದದಂತೆ ನಿಂತುಹೋಗಿದೆ, ಮತ್ತು ಅದರ ಜೊತೆಗಿದ್ದ ಖನಿಜ ತೈಲ ಈಗಿನ ಆರ್-134ಎ ಅನಿಲದಲ್ಲಿ ಬೆರೆಯದೆ ಕಂಪ್ರೆಸರನ್ನು ಒಣಗಿಸಿಬಿಡುತ್ತದೆ. ಹಾಗಾಗಿ ಆ ಸೆಟ್ಟಿನಲ್ಲಿ ಡ್ಯಾಶಿನ ಕೆಳಗೆ ತೂಗುವ ಪೆಟ್ಟಿಗೆಯ ಹೊರಮೈ ಮಾತ್ರ ಉಳಿಸಿಕೊಂಡು, ಹೊಸ ಸ್ಯಾಂಡನ್ 508 ಮಾದರಿಯ ಕಂಪ್ರೆಸರ್, ಅಲ್ಯೂಮಿನಿಯಂ ಪ್ಯಾರಲಲ್ ಫ್ಲೋ ಕಂಡೆನ್ಸರ್, ತೇವ ಹೀರುವ ಹೊಸ ಡ್ರೈಯರ್ ಮತ್ತು ಪೈಪುಗಳನ್ನು ಹಾಕಿದರು. ಕಂಡೆನ್ಸರ್ ಗ್ರಿಲ್ಲಿನ ಹಿಂದೆ ಹೊಂದುವಷ್ಟು ದೊಡ್ಡದೇ ಇರಲಿ ಎಂಬುದು ಅವರ ಹಟ. ಅದು ಸರಿಯಾದ ಹಟವೇ, ಏಕೆಂದರೆ ಆರ್-134ಎ ಹಳೆಯ ಅನಿಲಕ್ಕಿಂತ ಹೆಚ್ಚಿನ ಕಂಡೆನ್ಸರ್ ಕೇಳುತ್ತದೆ.

ದೂರು ಶುರುವಾಗುವುದು ಅನಿಲ ತುಂಬಿದಲ್ಲಿಂದ. ಪೈಪುಗಳೊಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪನ್ನು ಮುಕ್ಕಾಲು ಗಂಟೆ ಓಡಿಸಿದ್ದೇನೋ ನಿಜ, ಆದರೆ ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಹಾಗೇ ನಿಲ್ಲುತ್ತದೆಯೇ, ಸೋರಿಕೆಯಿಂದ ಸರಿಯುತ್ತದೆಯೇ ಎಂದು ಕಾಯುವ ತಾಳ್ಮೆ ಎ.ಸಿ. ಹುಡುಗನಿಗೆ ಇರಲಿಲ್ಲ. ಎರಡು ಡಬ್ಬಿ ಅನಿಲ ತುಂಬಿದ ನಾಲ್ಕನೆಯ ದಿನ ತಂಪು ನಿಂತುಹೋಯಿತು. ಕಂಪ್ರೆಸರಿನ ಹತ್ತಿರದ ಪೈಪಿನ ಕ್ರಿಂಪಿಗೆ (ಒತ್ತಿ ಬಿಗಿದ ಜೋಡಣೆಗೆ) ಸೋಪಿನ ನೊರೆ ಹಚ್ಚಿದಾಗ ಗುಳ್ಳೆ ಎದ್ದಿತು. ನೈಟ್ರೋಜನ್ ತುಂಬಿ ಒಂದು ರಾತ್ರಿ ಇಟ್ಟಿದ್ದರೆ ಮೊದಲೇ ತಿಳಿಯಬೇಕಾಗಿದ್ದ ಸೋರಿಕೆ ಅದು. ಪೈಪನ್ನು ಬದಲಿಸಿಕೊಟ್ಟರು, ಆದರೆ ಎರಡನೆಯ ಸಲದ ಅನಿಲಕ್ಕೂ ನನ್ನಿಂದಲೇ ಹಣ ತೆಗೆದುಕೊಂಡರು. ತಪ್ಪು ಶೆಡ್ಡಿನದು, ಬಿಲ್ಲು ಗಿರಾಕಿಯದು ಎಂಬ ಈ ಲೆಕ್ಕವನ್ನು ನಾನು ಇವತ್ತಿಗೂ ಒಪ್ಪಿಲ್ಲ.

ಅದಕ್ಕಿಂತ ಗಂಭೀರವಾದದ್ದು ವೈರಿಂಗ್. ಹೆಡ್‌ಲೈಟಿಗೆ 10 ಆಂಪಿಯರ್, ಒಳಗಿನ ಬ್ಲೋವರಿಗೆ 12, ಕಂಪ್ರೆಸರಿನ ಕ್ಲಚ್ಚಿಗೆ 4, ಎರಡು ಫ್ಯಾನಿಗೆ 22, ಇಗ್ನಿಷನ್ ಮತ್ತಿತರಕ್ಕೆ 5 ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕೂಡಿಸಿ, 53 ಆಂಪಿಯರಿಗೆ ಹಳೆಯ ಆಲ್ಟರ್ನೇಟರ್ ಸಾಲದೆಂದು 65 ಆಂಪಿಯರಿನದನ್ನು ಹಾಕಿಸಿದವರು ಇದೇ ಮೇಸ್ತ್ರಿ. ಆದರೆ ದೊಡ್ಡ ಫ್ಯಾನಿಗೆ ವೈರ್ ಎಳೆದವನು ಹೊರಗಿನಿಂದ ಬಂದ ಎಲೆಕ್ಟ್ರಿಷಿಯನ್. ಅವನು ಹಾರ್ನಿಗೆ ಎಳೆಯುವಂಥ ಸಣ್ಣ ವೈರನ್ನೇ ಎಳೆದು, ಅಗ್ಗದ ಫ್ಯೂಸ್ ಹೋಲ್ಡರ್ ಒಂದನ್ನು ನಡುವೆ ಸಿಕ್ಕಿಸಿದ್ದ. ಮೊದಲ ವಾರ ಬೆಂಗಳೂರಿಗೆ ಹೊರಟಾಗ ದಾಬಸ್‌ಪೇಟೆಯ ಹತ್ತಿರ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಬಾನೆಟ್ ಎತ್ತಿದರೆ ಫ್ಯೂಸ್ ಹೋಗಿರಲಿಲ್ಲ. ಸಡಿಲವಾಗಿದ್ದ ಹಿಡಿತದ ಬಿಸಿಗೆ ಹೋಲ್ಡರೇ ಕರಗಿ ಫ್ಯೂಸಿಗೆ ಅಂಟಿಕೊಂಡಿತ್ತು. ಮೇಸ್ತ್ರಿಗೆ ಫೋನ್ ಮಾಡಿದಾಗ ವಾದ ಮಾಡಲಿಲ್ಲ. "ಎ.ಸಿ. ಆಫ್ ಮಾಡ್ಕೊಂಡು ನಿಧಾನಕ್ಕೆ ವಾಪಸ್ ಬನ್ನಿ ಸಾರ್, ಇವತ್ತೇ ಪೂರ್ತಿ ಕಿತ್ತಾಕ್ತೀನಿ" ಎಂದರು, ಹಾಗೆಯೇ ಮಾಡಿದರು. ಈಗ ಪ್ರತಿ ಫ್ಯಾನಿಗೂ ಬೇರೆ ರಿಲೇ, ಬೇರೆ ಫ್ಯೂಸ್, ಬ್ಯಾಟರಿಯಿಂದ ನೇರವಾಗಿ ಬರುವ ದಪ್ಪ ವೈರ್ ಇವೆ. ಇದಕ್ಕೆ ಹಣ ಕೇಳಲಿಲ್ಲ.

ಬೇಸಿಗೆಯ ಪರೀಕ್ಷೆಗಳನ್ನು ಹೇಳಿಬಿಡುತ್ತೇನೆ. ಏಪ್ರಿಲ್ ಮೊದಲ ವಾರ, ನಡುಮಧ್ಯಾಹ್ನ, ಐದು ಜನ ಕೂತು, ಎ.ಸಿ. ಹಾಕಿಕೊಂಡೇ ದೇವರಾಯನದುರ್ಗ ಹತ್ತಿದೆವು. ಭೋಗನರಸಿಂಹ ಸ್ವಾಮಿಯ ಗುಡಿ ದಾಟಿ ಮೇಲಿನ ತಿರುವುಗಳಲ್ಲಿ ಎರಡನೆಯ ಗೇರಿನಲ್ಲಿ ಎಳೆಯುವಾಗ, ಹೊಸದಾಗಿ ಹಾಕಿಸಿದ ಡಿಜಿಟಲ್ ಮೀಟರ್ 96 ಡಿಗ್ರಿ ತೋರಿಸಿ ಅಲ್ಲಿಂದ ಮೇಲೆ ಹೋಗಲಿಲ್ಲ. ಹಳೆಯ ಎಂಜಿನ್ನಿನಲ್ಲಿ ಎ.ಸಿ. ಇಲ್ಲದೆಯೇ ಇದೇ ತಿರುವುಗಳಲ್ಲಿ ನಿಲ್ಲಿಸಿ ನೀರು ಹೊಯ್ಯುತ್ತಿದ್ದೆವು. ಮಧುಗಿರಿಯ ಮೇಲೆ ಪಾವಗಡಕ್ಕೆ ಹೋದ ನೂರು ಕಿಲೋಮೀಟರಿನಲ್ಲಿ 82 ಡಿಗ್ರಿಯ ಥರ್ಮೋಸ್ಟಾಟ್ ತೆರೆದ ಮೇಲೆ ಮೀಟರ್ 88ರ ಆಸುಪಾಸಿನಲ್ಲೇ ಇತ್ತು, ಎ.ಸಿ.ಯ ಬಾಯಿಗೆ ಸಿಕ್ಕಿಸಿದ ಥರ್ಮಾಮೀಟರ್ 9 ಡಿಗ್ರಿ ತೋರಿಸಿತು.

ಸೋತದ್ದು ಊರೊಳಗೆ. ಬಿ.ಎಚ್. ರಸ್ತೆಯ ಟೌನ್‌ಹಾಲ್ ವೃತ್ತದಲ್ಲಿ ಸಿಗ್ನಲ್ಲಿಗೆ ನಿಂತರೆ ಐದು ನಿಮಿಷದಲ್ಲಿ ಎ.ಸಿ.ಯಿಂದ ಬರುವ ಗಾಳಿ 17 ಡಿಗ್ರಿಗೆ ಏರುತ್ತದೆ, ಮತ್ತು ಕಂಪ್ರೆಸರಿನ ಕ್ಲಚ್ ಕಚ್ಚಿದ ಕೂಡಲೇ ಎಂಜಿನ್ ನಡುಗಿ ನಿಲ್ಲುವಂತಾಗುತ್ತದೆ. ಕಾರ್ಬುರೇಟರ್ ಎಂಜಿನ್ನಿಗೆ ಎ.ಸಿ. ಹಾಕಿದಾಗ ಐಡಲ್ (ಗಾಡಿ ನಿಂತಾಗಿನ ಎಂಜಿನ್ ವೇಗ) ತಾನಾಗಿ ಏರಿಸುವ ವ್ಯಾಕ್ಯೂಮ್ ಸೊಲೆನಾಯ್ಡ್ ಬೇಕು. ಅದನ್ನು ಹಾಕಿದ್ದಾರೆ, ಸರಿಯಾಗಿ ಹೊಂದಿಸಿಲ್ಲ. ಐಡಲ್ ಕಡಿಮೆಯಿದ್ದರೆ ಕಂಪ್ರೆಸರೂ ನಿಧಾನ, ತಂಪೂ ಕಡಿಮೆ. ಎರಡು ಸಲ ಹೋಗಿ ಬಂದಿದ್ದೇನೆ. ಎರಡು ಸಲವೂ ಶೆಡ್ಡಿನಲ್ಲಿ ಸರಿಯಿತ್ತು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮತ್ತೆ ಚಾಲೂ ಮಾಡುವಷ್ಟರಲ್ಲಿ ಹಳೆಯ ನಡುಕ ವಾಪಸ್ ಬಂದಿತ್ತು.

ರೇಡಿಯೇಟರ್, ಕವಚ ಮತ್ತು ಹೋಸುಗಳಿಗೆ 14,500 ರೂಪಾಯಿ ಆಯಿತು, ಎ.ಸಿ.ಗೆ ಎರಡನೆಯ ಅನಿಲವೂ ಸೇರಿ 61,000. ಎಂಜಿನ್ನಿನ ಖರ್ಚು ಬೇರೆ. ಮೂರು ವಾರ ಎಂದದ್ದು ಏಳು ವಾರವಾಯಿತು, ಅದರಲ್ಲಿ ಎರಡು ವಾರ ಗಾಡಿ ಶೆಡ್ಡಿನ ಮುಂದೆ ಬಿಸಿಲಿನಲ್ಲಿ ಸುಮ್ಮನೆ ನಿಂತಿತ್ತು. ಎಂಜಿನ್ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ಸಾರಿಗೆ ಕಚೇರಿಯ ಅನುಮತಿ ಪಡೆದು ಆರ್.ಸಿ.ಯಲ್ಲಿ ಹೊಸ ನಂಬರ್ ನಮೂದಿಸಿಕೊಳ್ಳುವ ಓಡಾಟ ಪೂರ್ತಿ ನಮ್ಮದೇ. ಶೆಡ್ಡಿನವರು ಎಂಜಿನ್ನಿನ ಬಿಲ್ಲು ಕೊಡುವುದಷ್ಟನ್ನೇ ಮಾಡುತ್ತಾರೆ. ರೇಡಿಯೇಟರಿನ ಕೆಲಸಕ್ಕೆ ನಾನು ಕಣ್ಣುಮುಚ್ಚಿಕೊಂಡು ಮತ್ತೆ ಅಲ್ಲಿಗೇ ಹೋಗುತ್ತೇನೆ. ವೈರಿಂಗ್ ಮತ್ತು ಅನಿಲದ ಕೆಲಸವಾದರೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ.

ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಇಲ್ಲವೇ ಅರ್ಧ ದಿನ ಕಾಯಲು ಸಿದ್ಧರಾಗಿ ಹೋಗಿ. ದೂರದಿಂದ ಓಡಿಸಿಕೊಂಡು ಬಂದ ಗಾಡಿಯ ರೇಡಿಯೇಟರ್ ಮುಚ್ಚಳವನ್ನು ಮೇಸ್ತ್ರಿ ಯಾರು ಅವಸರಪಡಿಸಿದರೂ ತೆರೆಯುವುದಿಲ್ಲ. ಅದರ ಮೇಲೊಂದು ಒದ್ದೆ ಗೋಣಿಚೀಲ ಹೊದಿಸಿ, ಮುಂದಿನ ಗಾಡಿಯ ಕೆಳಗೆ ಮಲಗಿಬಿಡುತ್ತಾರೆ.