ಕೈಯಲ್ಲಾ, ಹೋಲ್ಡರಾ? ಹಲ್ಲಿನ ಎಕ್ಸ್‌ರೇ ಎರಡು ರೀತಿಯಲ್ಲೂ ಕಲಿತ ಮೇಲೆ

ರೇಡಿಯಾಲಜಿ ಪೋಸ್ಟಿಂಗ್ ಶುರುವಾಗುವ ಹೊತ್ತಿಗೆ ಜೂನಿಯರ್‌ಗಳು ನನ್ನನ್ನು ಕೇಳುವುದು ಇದನ್ನೇ: ಐಒಪಿಎ (ಬಾಯೊಳಗೆ ಫಿಲ್ಮ್ ಇಟ್ಟು ತೆಗೆಯುವ, ಹಲ್ಲು ಬೇರಿನ ಸಮೇತ ಕಾಣುವ ಎಕ್ಸ್‌ರೇ) ತೆಗೆಯೋದನ್ನ ಕೈಯಲ್ಲಿ ಕಲಿಯೋದಾ, ಹೋಲ್ಡರ್‌ನಲ್ಲಾ? ನಾನು ಕಾಲೇಜಿನಲ್ಲಿ ಕಲಿತದ್ದು ಫಿಲ್ಮ್ ಮತ್ತು ಬೈಸೆಕ್ಟಿಂಗ್, ಅಂದರೆ ರೋಗಿಯ ಬೆರಳಿನಲ್ಲಿ ಫಿಲ್ಮ್ ಹಿಡಿಸಿ ಕೋನ ಊಹಿಸುವ ವಿಧಾನ. ಇಂಟರ್ನ್‌ಶಿಪ್‌ನಲ್ಲಿ ಫಿಲ್ಮನ್ನು ಹಿಡಿದು ನಿಲ್ಲಿಸುವ ಹೋಲ್ಡರ್ ಮತ್ತು ಫಿಲ್ಮಿನ ಬದಲು ಚಿತ್ರವನ್ನು ನೇರ ಕಂಪ್ಯೂಟರ್‌ಗೆ ಕಳಿಸುವ ಆರ್‌ವಿಜಿ ಸೆನ್ಸರ್ ಸಿಕ್ಕಿತು. ಈಗ ಸಣ್ಣ ಕ್ಲಿನಿಕ್ ಒಂದರಲ್ಲಿ ಎರಡೂ ಬಳಸುತ್ತೇನೆ. ಹೊಸಬರು ಹೋಲ್ಡರ್‌ನಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಬೈಸೆಕ್ಟಿಂಗ್ ಬಾರದಿದ್ದರೆ ನಮ್ಮ ಕಡೆ ಕೆಲಸ ನಡೆಯುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೈಸೆಕ್ಟಿಂಗ್‌ನಲ್ಲಿ ಫಿಲ್ಮ್ ಹಲ್ಲಿಗೆ ಒರಗಿ ಕೂರುತ್ತದೆ. ಹಲ್ಲಿಗೂ ಫಿಲ್ಮಿಗೂ ನಡುವೆ ಒಂದು ಕೋನ ಬರುತ್ತದೆ. ಆ ಕೋನವನ್ನು ಅರ್ಧ ಮಾಡುವ ಗೆರೆಯೊಂದನ್ನು ಮನಸ್ಸಿನಲ್ಲೇ ಎಳೆದುಕೊಂಡು, ಕಿರಣ ಅದಕ್ಕೆ ಲಂಬವಾಗಿ ಬೀಳುವ ಹಾಗೆ ಕೋನ್ (ಯಂತ್ರದಿಂದ ಕಿರಣ ಹೊರಬರುವ ಕೊಳವೆ) ತಿರುಗಿಸಬೇಕು. ಕಣ್ಣಿಗೆ ಕಾಣದ ಗೆರೆ ಅದು, ಕಷ್ಟ ಇರುವುದೇ ಅಲ್ಲಿ. ನನಗೆ ಇದು ಅರ್ಥವಾದದ್ದು ನೆರಳಿನಿಂದ. ಸಂಜೆ ಸೂರ್ಯ ಕೆಳಗಿದ್ದಾಗ ನಮ್ಮ ನೆರಳು ಉದ್ದ, ಮಧ್ಯಾಹ್ನ ನೆತ್ತಿಯ ಮೇಲಿದ್ದಾಗ ಗಿಡ್ಡ. ಕೋನ್ ಕೂಡ ಹಾಗೆಯೇ. ಮೇಲ್ದವಡೆಯಲ್ಲಿ ಅದರ ಬಾಗು ಕಡಿಮೆಯಾದರೆ ಹಲ್ಲಿನ ಬೇರು ಉದ್ದುದ್ದ ಬರುತ್ತದೆ, ಜಾಸ್ತಿಯಾದರೆ ಮೊಂಡಾಗುತ್ತದೆ. ಮೇಲಿನ ಮುಂದಿನ ಹಲ್ಲಿಗೆ 40ರಿಂದ 50 ಡಿಗ್ರಿ, ಮೇಲಿನ ದವಡೆ ಹಲ್ಲಿಗೆ 20ರಿಂದ 30 ಅಂತ ಬಾಯಿಪಾಠ ಮಾಡಿಸುತ್ತಾರೆ. ಆದರೆ ಆ ಅಂಕಿ ಕೆಲಸಕ್ಕೆ ಬರುವುದು ರೋಗಿಯ ತಲೆ ಸರಿಯಾಗಿ ಕೂತಿದ್ದರೆ ಮಾತ್ರ. ಮೂಗಿನ ಪಕ್ಕದಿಂದ ಕಿವಿಯವರೆಗಿನ ಗೆರೆ ನೆಲಕ್ಕೆ ಸಮವಾಗಿರಬೇಕು. ರೋಗಿ ಸ್ವಲ್ಪ ಗಲ್ಲ ಎತ್ತಿದರೂ ಡಿಗ್ರಿ ಲೆಕ್ಕ ಹೋಯಿತು.

ಒಬ್ಬ ಅಜ್ಜಿಯ ಮೇಲಿನ ದವಡೆ ಹಲ್ಲಿಗೆ ನಾನು ಮೂರು ಸಲ ಎಕ್ಸ್‌ರೇ ತೆಗೆದೆ. ಮೊದಲನೆಯದರಲ್ಲಿ ಬೇರು ಉದ್ದವಾಗಿ ತುದಿ ಫಿಲ್ಮಿನಿಂದ ಆಚೆ ಹೋಗಿತ್ತು. ಎರಡನೆಯದರಲ್ಲಿ ಬಾಗು ಜಾಸ್ತಿ ಮಾಡಿದೆ. ಕೆನ್ನೆಯ ಮೂಳೆ ಬೇರಿನ ಮೇಲೆಯೇ ಬಂದು ಕೂತಿತು. ಮೂರನೆಯದು ಪರವಾಗಿಲ್ಲ ಅನ್ನುವ ಹಾಗಿತ್ತು. ಅಜ್ಜಿ ಒಂದು ಮಾತೂ ಆಡದೆ ಪ್ರತಿ ಸಲವೂ ಹೆಬ್ಬೆರಳಿನಲ್ಲಿ ಫಿಲ್ಮ್ ಒತ್ತಿ ಹಿಡಿದುಕೊಂಡರು. ಆ ಬೆರಳಿಗೂ ಮೂರು ಸಲ ವಿಕಿರಣ ಬಿತ್ತು, ಅಲ್ವಾ? ಇವತ್ತಿಗೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಹೋಲ್ಡರ್ ಕೈಗೆ ಬಂದಾಗ ಈ ಊಹೆಯ ಕೆಲಸ ಬಹಳ ಕಡಿಮೆಯಾಯಿತು. ಇದು ಪ್ಯಾರಲೆಲಿಂಗ್ ವಿಧಾನ. ಫಿಲ್ಮ್ ಹಲ್ಲಿಗೆ ಸಮಾನಾಂತರವಾಗಿ ನಿಲ್ಲುತ್ತದೆ. ಬಾಯಿಂದ ಹೊರಗೆ ಒಂದು ರಿಂಗ್ ಇರುತ್ತದೆ. ಕೋನ್ ಅನ್ನು ರಿಂಗಿಗೆ ಸರಿಯಾಗಿ ಕೂರಿಸಿದರೆ ದಿಕ್ಕು ತಾನಾಗಿಯೇ ಸರಿ ಬರುತ್ತದೆ. ರಿನ್ ಎಕ್ಸ್‌ಸಿಪಿ ಅನ್ನುವ ಹೋಲ್ಡರ್ ಸೆಟ್ಟಿನಲ್ಲಿ ನೀಲಿ ಮುಂದಿನ ಹಲ್ಲಿಗೆ, ಹಳದಿ ಹಿಂದಿನ ಹಲ್ಲಿಗೆ, ಕೆಂಪು ಬೈಟ್‌ವಿಂಗ್‌ಗೆ (ಮೇಲಿನ, ಕೆಳಗಿನ ಹಲ್ಲುಗಳ ಕಚ್ಚುವ ಭಾಗ ಒಟ್ಟಿಗೆ ಬರುವ ಎಕ್ಸ್‌ರೇ). ತಲೆ ಸ್ವಲ್ಪ ಆಚೀಚೆ ಆದರೂ ತೊಂದರೆಯಿಲ್ಲ. ಅರ್ಧ ಚಿತ್ರ ಬೆಳ್ಳಗೆ ಉಳಿಯುವ ಕೋನ್‌ಕಟ್ ನನ್ನ ಕೆಲಸದಲ್ಲಿ ನಿಂತೇಹೋಯಿತು. ಕೆನ್ನೆಯ ಮೂಳೆಯೂ ಬೇರಿನಿಂದ ಮೇಲೆಯೇ ಉಳಿಯುತ್ತದೆ.

ಹೋಲ್ಡರ್‌ನಲ್ಲಿ ಹೊಸಬರು ಮಾಡುವ ತಪ್ಪು ಹೆಚ್ಚಾಗಿ ಒಂದೇ. ಫಿಲ್ಮನ್ನು ಹಲ್ಲಿನ ಹತ್ತಿರ ಇಡುತ್ತಾರೆ. ಹತ್ತಿರ ಇದ್ದರೆ ಒಳ್ಳೆಯದು ಅನಿಸುವುದು ಸಹಜ. ಆದರೆ ಅಂಗುಳಿನ ಅಂಚಿನಲ್ಲಿ ಜಾಗ ಇರುವುದಿಲ್ಲ. ಫಿಲ್ಮ್ ತಾಗಿ ನೋಯುತ್ತದೆ, ರೋಗಿ ಪೂರ್ತಿ ಕಚ್ಚುವುದಿಲ್ಲ, ಬೇರಿನ ತುದಿ ಬಿಟ್ಟುಹೋಗುತ್ತದೆ. ಅಂಗುಳಿನ ನಡುವೆ, ಅತಿ ಎತ್ತರದ ಜಾಗದಲ್ಲಿ ಇಡಿ. ಕಚ್ಚುವ ಬ್ಲಾಕ್‌ನ ಇನ್ನೊಂದು ಬದಿಗೆ ಒಂದು ಕಾಟನ್ ರೋಲ್ ಕೊಟ್ಟರೆ ಕಚ್ಚಲು ಆಸರೆ ಸಿಗುತ್ತದೆ. ವಾಂತಿ ಬಂದ ಹಾಗಾಗುವವರಿಗೆ ಮುಂದಿನ ಹಲ್ಲಿನಿಂದ ಶುರು ಮಾಡಿ, ಮೂಗಿನಲ್ಲಿ ಉಸಿರಾಡಲು ಹೇಳಿ. ನಾಲಿಗೆಯ ತುದಿಗೆ ಚಿಟಿಕೆ ಉಪ್ಪು ಇಡುವುದನ್ನು ನಾನು ಸುಮಾರು ಸಲ ಮಾಡಿ ನೋಡಿದ್ದೇನೆ, ಉಪಯೋಗವಾಗಿದೆ.

ಇಷ್ಟು ಚೆನ್ನಾಗಿದ್ದರೆ ಬೈಸೆಕ್ಟಿಂಗ್ ಯಾಕೆ ಬೇಕು? ಅಡಿಕೆ, ಗುಟ್ಕಾ ಜಗಿದು ಕೆನ್ನೆಯ ಒಳಭಾಗ ಗಟ್ಟಿಯಾದವರು ನಮ್ಮಲ್ಲಿ ತುಂಬಾ ಬರುತ್ತಾರೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಬಾಯಿ ಎರಡು ಬೆರಳು ತೆರೆದರೆ ಹೆಚ್ಚು. ಅಷ್ಟರಲ್ಲಿ ಹೋಲ್ಡರ್ ತಿರುಗಿಸಲು ಆಗುವುದೇ ಇಲ್ಲ. ತೆಳ್ಳಗಿನ ಫಿಲ್ಮ್ ಹೇಗೋ ಒಳಗೆ ಹೋಗುತ್ತದೆ. ಅಂಗುಳು ತೀರಾ ಚಪ್ಪಟೆ ಇದ್ದವರಿಗೆ, ಚಿಕ್ಕ ಮಕ್ಕಳಿಗೆ ಕೂಡ ಇದೇ ದಾರಿ. ಆದರೆ ರೋಗಿಯ ಬೆರಳಿನ ಬದಲು ಸ್ನ್ಯಾಪ್-ಎ-ರೇ ಅನ್ನುವ ಹಿಡಿಕೆಯಲ್ಲಿ ಅಥವಾ ಆರ್ಟರಿ ಫೋರ್ಸೆಪ್ಸ್ ಅನ್ನುವ ಇಕ್ಕಳದಲ್ಲಿ ಫಿಲ್ಮ್ ಕಚ್ಚಿಸಿ ಅದರ ಹಿಡಿ ಕೊಡಿ. ನೀವಂತೂ ಯಾವತ್ತೂ ಹಿಡಿಯಬೇಡಿ. ಬಟನ್ ಒತ್ತುವಾಗ ಕನಿಷ್ಠ ಎರಡು ಮೀಟರ್ ದೂರ, ಕಿರಣದ ದಾರಿಯಿಂದ ಪಕ್ಕಕ್ಕೆ ನಿಲ್ಲಿ.

ಇನ್ನು ಫಿಲ್ಮಾ, ಸೆನ್ಸರಾ? ಸೆನ್ಸರ್ ಗೆಲ್ಲುತ್ತದೆ. ಡಾರ್ಕ್‌ರೂಮಿನಲ್ಲಿ ಫಿಲ್ಮ್ ಅದ್ದುವ ಡೆವಲಪರ್ ದ್ರಾವಣ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಐದು ನಿಮಿಷ. ನಮ್ಮ ಏಪ್ರಿಲ್ ಬಿಸಿಲಿಗೆ ಅದೇ ಐದು ನಿಮಿಷ ಇಟ್ಟರೆ ಫಿಲ್ಮ್ ಕಪ್ಪಾಗುತ್ತದೆ. ಎಷ್ಟೋ ಒಳ್ಳೆಯ ಎಕ್ಸ್‌ರೇಗಳು ಹಾಳಾಗುವುದು ಆ ಕೋಣೆಯಲ್ಲೇ. ಸೆನ್ಸರ್‌ನಲ್ಲಿ ಚಿತ್ರ ಕ್ಷಣದಲ್ಲಿ ಬರುತ್ತದೆ. ಕೈ ಏನು ಮಾಡಿತು ಅನ್ನುವುದು ಇನ್ನೂ ನೆನಪಿರುವಾಗಲೇ ತಪ್ಪು ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಅದರ ಅಪಾಯವೂ ಅಲ್ಲೇ ಇದೆ. ಸುಲಭ ಅಂತ ಸುಮ್ನೆ ಇನ್ನೊಂದು ತೆಗೆಯುತ್ತೇವೆ. ಫಿಲ್ಮಿನಲ್ಲಿ ಇನ್ನೊಂದು ಸಲ ಅಂದರೆ ಮತ್ತೆ ಡಾರ್ಕ್‌ರೂಮ್, ಹಾಗಾಗಿ ಮೊದಲೇ ಯೋಚಿಸುತ್ತಿದ್ದೆ. ಸೆನ್ಸರ್ ಬಂದ ಮೇಲೆ ನಾನು ಒಂದು ಪುಸ್ತಕ ಇಟ್ಟೆ. ಎರಡನೇ ಸಲ ತೆಗೆದಾಗಲೆಲ್ಲ ಯಾವ ಹಲ್ಲು, ಏನು ತಪ್ಪು ಅಂತ ಬರೆದೆ. ಮೇಲಿನ ದವಡೆ ಹಲ್ಲು ಪುಟ ಪುಟದಲ್ಲೂ ಇತ್ತು. ಆಮೇಲೆ ಅದನ್ನೇ ತಲೆಬುರುಡೆಯ ಮಾದರಿಯ ಮೇಲೆ ಅಭ್ಯಾಸ ಮಾಡಿದೆ.

ಸೆನ್ಸರ್ ಗಟ್ಟಿ, ದಪ್ಪ, ಬಾಗುವುದಿಲ್ಲ. ಕೆಳಗಿನ ಮುಂದಿನ ಹಲ್ಲಿಗೆ ಇಡುವಾಗ ನಾಲಿಗೆಯ ಕೆಳಗೆ ನೋಯುತ್ತದೆ. ವೈರ್ ಹಲ್ಲಿನ ನಡುವೆ ಸಿಕ್ಕಿದರೆ ರೋಗಿ ಕಚ್ಚಿಬಿಡುತ್ತಾರೆ. ಪಿಎಸ್‌ಪಿ ಪ್ಲೇಟ್ ಅನ್ನುವ ಇನ್ನೊಂದು ಡಿಜಿಟಲ್ ವಿಧಾನ ಕೂಡ ಕೆಲವು ದಿನ ಬಳಸಿದೆ. ಫಿಲ್ಮಿನಷ್ಟೇ ತೆಳ್ಳಗೆ, ವೈರ್ ಇಲ್ಲ. ಆದರೆ ಸ್ಕ್ಯಾನರ್‌ಗೆ ಹಾಕಬೇಕು, ಬೇಗ ಗೀರು ಬೀಳುತ್ತದೆ.

ಒಂದೇ ಯಂತ್ರದಲ್ಲಿ ಫಿಲ್ಮ್, ಸೆನ್ಸರ್ ಎರಡೂ ಬಳಸುವ ಕಡೆ ಬಟನ್ ಒತ್ತುವ ಮೊದಲು ಟೈಮರ್ ನೋಡಿ. ನಮ್ಮ ಕ್ಲಿನಿಕ್‌ನಲ್ಲಿ ಸೆನ್ಸರ್‌ಗೆ ಫಿಲ್ಮಿನ ಅರ್ಧಕ್ಕಿಂತ ಕಡಿಮೆ ಸಮಯ ಸಾಕು. ಹಿಂದಿನವರು ಫಿಲ್ಮಿಗೆ ಇಟ್ಟ ಸಮಯ ಹಾಗೇ ಉಳಿದಿರುತ್ತದೆ. ಟೈಮರ್ ಪಕ್ಕದಲ್ಲೇ ಎರಡೂ ಸಮಯ ಬರೆದು ಚೀಟಿ ಅಂಟಿಸಿದ್ದೇನೆ.