ನೂರು ಗ್ರಾಂ ಬೆಳ್ಳಿ, ಮೂರು ಬಗೆ

ತೂಕ ಮೂರಕ್ಕೂ ಒಂದೇ, 100 ಗ್ರಾಂ. ಮೂರರ ಮೇಲೂ 999 ಎಂದೇ ಒತ್ತಿದ್ದಾರೆ, ಅಂದರೆ ಸಾವಿರದಲ್ಲಿ 999 ಪಾಲು ಶುದ್ಧ ಬೆಳ್ಳಿ. ಕೊಟ್ಟ ದುಡ್ಡು ಮಾತ್ರ ಬೇರೆ ಬೇರೆ. ಒಂದು ಸ್ವಿಟ್ಜರ್ಲೆಂಡಿನ ಪ್ಯಾಂಪ್ ಕಂಪನಿಯ ಲೇಡಿ ಫಾರ್ಚುನಾ ಬಾರ್. ಇನ್ನೊಂದು ಅದೇ ದೇಶದ ವಾಲ್ಕಾಂಬಿ ಕಂಪನಿಯ ಕಾಂಬಿಬಾರ್. ಇವೆರಡನ್ನೂ ದುಬೈನಲ್ಲಿರುವ ಭಾವ ಸುಂಕ ಕಟ್ಟಿ ತಂದುಕೊಟ್ಟರು. ಮೂರನೆಯದು ಬೆಂಗಳೂರಿನ ನಗರ್ತಪೇಟೆಯಲ್ಲಿ ಕೊಂಡ ಎರಕದ ಗಟ್ಟಿ.

ಅಂದಕ್ಕೆ ಫಾರ್ಚುನಾನೇ ಸರಿ. ಭಾಗ್ಯದ ರೋಮನ್ ದೇವತೆ, ಜೊತೆಗೆ ಸಮೃದ್ಧಿಯ ಕೊಂಬು. ನಮ್ಮ ಲಕ್ಷ್ಮಿಯ ದೂರದ ನೆಂಟಳ ಹಾಗಿದ್ದಾಳೆ. ಆದರೆ ಅವಳು ಬರುವ ಸೀಲಾದ ಪ್ಲಾಸ್ಟಿಕ್ ಪ್ಯಾಕ್ ಒಡೆದರೆ ಸಂಗ್ರಹ ಮಾಡುವವರು ಬೆಲೆ ಇಳಿಸುತ್ತಾರೆ. ಒಡೆಯದೆ ನಾವೇ ಪರೀಕ್ಷೆ ಮಾಡೋಕೆ ಆಗಲ್ಲ. ಪ್ಯಾಕ್ ಸಮೇತ ನಕಲಿ ಮಾಡುವವರೂ ಇದ್ದಾರೆ. ಹಾಗಾಗಿ ಇಲ್ಲಿ ನಂಬಬೇಕಾದ್ದು ಮಾರುವವರನ್ನು, ಪ್ಲಾಸ್ಟಿಕ್ಕನ್ನಲ್ಲ.

ಗಟ್ಟಿಗೆ ಈ ತೊಂದರೆ ಇಲ್ಲ. ಮೈ ಒರಟು, ಅಂಚು ಸೊಟ್ಟ, ಮೇಲೆ ಎರಕದ ಅಲೆಗಳು. ಅಡುಗೆಮನೆಯಲ್ಲೇ ನೋಡಬಹುದು. ಡಿಜಿಟಲ್ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ಗಟ್ಟಿಯನ್ನು ದಾರಕ್ಕೆ ಕಟ್ಟಿ, ತಳ ಮುಟ್ಟದ ಹಾಗೆ ಪೂರ್ತಿ ಮುಳುಗಿಸಿ. ಆಗ ತಕ್ಕಡಿ ತೋರಿಸುವುದು ಗಟ್ಟಿ ಸರಿಸಿದ ನೀರಿನ ತೂಕ. ಬೆಳ್ಳಿಯ ಸಾಂದ್ರತೆ 10.49, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಸುಮಾರು ಹತ್ತೂವರೆ ಪಟ್ಟು ತೂಕ. ಹಾಗಾಗಿ 100 ಗ್ರಾಂಗೆ ತಕ್ಕಡಿ ಸುಮಾರು 9.5 ಗ್ರಾಂ ತೋರಿಸಬೇಕು. ನನ್ನದು ಅಲ್ಲೇ ನಿಂತಿತು. ತಾಮ್ರವಾದರೆ 11 ದಾಟುತ್ತದೆ, ಸೀಸವಾದರೆ 9ಕ್ಕೂ ಕಡಿಮೆ. ಜೋರಾದ ನಿಯೋಡಿಮಿಯಂ ಅಯಸ್ಕಾಂತವನ್ನು ಇಳಿಜಾರಾಗಿ ಹಿಡಿದ ಬೆಳ್ಳಿ ಮೇಲೆ ಬಿಟ್ಟರೆ ನಿಧಾನಕ್ಕೆ ಜಾರುತ್ತದೆ. ನೋಡೋಕೆ ಮಜಾ. ಆದರೆ ತಾಮ್ರದ ಮೇಲೂ ಹಾಗೇ ಜಾರುತ್ತದೆ, ಅದೊಂದನ್ನೇ ನೆಚ್ಚಬೇಡಿ. ಎಕ್ಸ್‌ರೇ ಬಿಟ್ಟು ಲೋಹ ಗುರುತಿಸುವ ಅಂಗಡಿಯ ಎಕ್ಸ್‌ಆರ್‌ಎಫ್ ಮಷಿನ್ ಕೂಡ ಮೇಲ್ಮೈಯನ್ನಷ್ಟೇ ಓದುತ್ತದೆ. ನೀರಿನ ಲೆಕ್ಕ ಹೊಟ್ಟೆಯೊಳಗಿನದನ್ನೂ ಹೇಳುತ್ತದೆ.

ಕಾಂಬಿಬಾರ್ ಜಾಣತನದ ವಸ್ತು. 10 ಗ್ರಾಂನ ಹತ್ತು ತುಂಡು, ಚಾಕೊಲೇಟಿನಂತೆ ಗೆರೆಯಲ್ಲಿ ಮುರಿಯಬಹುದು. ಅಂದಹಾಗೆ ವಾಲ್ಕಾಂಬಿಯನ್ನು 2015ರಲ್ಲಿ ಕೊಂಡದ್ದು ಬೆಂಗಳೂರಿನದೇ ರಾಜೇಶ್ ಎಕ್ಸ್‌ಪೋರ್ಟ್ಸ್. ಮಕ್ಕಳಿಗೆ, ಸೊಸೆಯಂದಿರಿಗೆ ಹಂಚೋಕೆ ಇದು ಚೆನ್ನ. ಮಾರೋಕೆ ಮಾತ್ರ ಇದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. 100 ಗ್ರಾಂ ಬೆಳ್ಳಿಯನ್ನು ಚೂರು ಮಾಡಿ ಮಾರುವಷ್ಟು ದೊಡ್ಡ ಮೊತ್ತವೇನಲ್ಲ ಅಲ್ವಾ? ಚಿನ್ನದ ಕಾಂಬಿಬಾರ್ ಆದರೆ ಆ ಮಾತೇ ಬೇರೆ.

ಮೂರನ್ನೂ ಚಿಕ್ಕಪೇಟೆಯ ಒಂದು ಅಂಗಡಿಗೆ ಒಯ್ದು ಬೆಲೆ ಕೇಳಿದೆ. ಫಾರ್ಚುನಾಳ ಮುಖ ಯಾರೂ ನೋಡಲಿಲ್ಲ. ತೂಕ, ಅವತ್ತಿನ ದರ, ಅಷ್ಟೇ. ಕಾಂಬಿಬಾರಿಗೂ ಅದೇ ದರ. ಗಟ್ಟಿಗೆ ಮಾತ್ರ, ಒತ್ತಿದ ಹೆಸರು ಅವರಿಗೆ ಗೊತ್ತಿಲ್ಲದ್ದರಿಂದ, ಕರಗಿಸಿ ನೋಡಿ ಹೇಳ್ತೀವಿ ಅಂದರು. ಕೊಂಡ ಅಂಗಡಿಗೇ ಬಿಲ್ ಜೊತೆ ಹೋದಾಗ ಆ ತಕರಾರು ಬರಲಿಲ್ಲ. ಕೊಳ್ಳುವಾಗ ಕಟ್ಟಿದ ಶೇ. 3 ಜಿಎಸ್‌ಟಿ ಎಲ್ಲೂ ವಾಪಸ್ ಬರುವುದಿಲ್ಲ.

ಹಾಗಾಗಿ ಉಳಿತಾಯಕ್ಕೆ ನನ್ನ ಓಟು ಗಟ್ಟಿಗೆ. ಗೊತ್ತಿರುವ ಅಂಗಡಿಯಲ್ಲೇ ಕೊಳ್ಳಿ, ತೂಕ ಮತ್ತು ಶುದ್ಧತೆ ಬರೆದ ಬಿಲ್ ಕೇಳಿ ಪಡೆಯಿರಿ. ಫಾರ್ಚುನಾಗೆ ಕೊಟ್ಟ ಹೆಚ್ಚುವರಿ ದುಡ್ಡನ್ನು ನಾನು ಶೋಕಿಯ ಖಾತೆಗೆ ಬರೆದುಕೊಂಡಿದ್ದೇನೆ. ಅವಳನ್ನು ಮಾರುವುದಾದರೆ ಕರಗಿಸುವವರಿಗಲ್ಲ, ಸಂಗ್ರಹ ಮಾಡುವ ಇನ್ನೊಬ್ಬರಿಗೇ.